ದಿನಕ್ಕೆ ನಲವತ್ತೈದು ಕಿಲೊ

ಕಳ್ಳ ದಿನಕ್ಕೆ ನಲವತ್ತೈದು ಕಿಲೊಗಿಂತ ಒಂದು ಹಿಡಿಯೂ ಹೆಚ್ಚು ಕದಿಯುತ್ತಿರಲಿಲ್ಲ.

"ಎಂಟು ವಾರ ಮೇಡಂ. ಒಂದು ದಿನಾನೂ ತಪ್ಪಿಲ್ಲ," ಎಂದ ಹರ್ಷವರ್ಧನ್. ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಬಂದಿದ್ದರೂ ಅವನ ಮುಖ ಬಾಡಿರಲಿಲ್ಲ. ಅವನ ಕಂಪನಿಯ ಸಾಫ್ಟ್‌ವೇರ್ ಮೊದಲ ಬಾರಿಗೆ ಒಬ್ಬ ಕಳ್ಳನನ್ನು ಹಿಡಿದಿತ್ತು. "ನಮ್ಮ ಆಫೀಸಲ್ಲೂ ಇಷ್ಟು ಶಿಸ್ತಿನವರಿಲ್ಲ."

ಗುಜರಿ ವ್ಯಾಪಾರದ ಒಡತಿ ಶಶಿಕಲಾ ನಗಲಿಲ್ಲ. ಪರದೆಯ ತುಂಬ ಕೆಂಪು ಸಾಲುಗಳು. ಎಲ್ಲ ಸಾಲಿನಲ್ಲೂ ಒಂದೇ ಟೆಂಪೊ, ಒಂದೇ ಹೆಸರು: ಕರಿಬಸಪ್ಪ. ಲೇತ್ ಮಷಿನ್ನುಗಳ ಕೆಳಗೆ ಬೀಳುವ ಕಬ್ಬಿಣದ ಸುರುಳಿಗಳನ್ನು ಅವನು ಕಾರ್ಖಾನೆಗಳಿಂದ ತುಂಬಿಕೊಂಡು ಬರುತ್ತಾನೆ. ಕಾರ್ಖಾನೆಯ ಚೀಟಿಯಲ್ಲಿ ಒಂಬೈನೂರು ಕಿಲೊ ಇದ್ದರೆ ಇಲ್ಲಿ ಎಂಟುನೂರ ಐವತ್ತೈದು. ಅಲ್ಲಿ ಸಾವಿರವಾದರೆ ಇಲ್ಲಿ ಒಂಬೈನೂರ ಐವತ್ತೈದು.

ಮಾರ್ಚ್‌ವರೆಗೆ ತೂಕದ ಕಟ್ಟೆಯ ಪಕ್ಕದ ಗೂಡಿನಲ್ಲಿ ತೂಕ ಬರೆದುಕೊಳ್ಳಲು ಮುನಿರಾಜು ಕೂರುತ್ತಿದ್ದ. ಬಂದವರನ್ನೆಲ್ಲ ಊಟ ಆಯ್ತಾ ಎಂದು ಕೇಳಿ ಸಮಯ ಹಾಳುಮಾಡುತ್ತಿದ್ದ. ಸಾಫ್ಟ್‌ವೇರ್ ಬಂದು ಅವನನ್ನು ಮನೆಗೆ ಕಳಿಸಿತು. ಗೂಡಿನ ಮೇಲೊಂದು ಕ್ಯಾಮೆರಾ ಬಂತು. ಮೊದಲ ದಿನವೇ ಸಾಫ್ಟ್‌ವೇರ್ ಎಲ್ಲ ಗಾಡಿಗಳನ್ನೂ ಖಾಲಿ ತೂಗಿ ನೆನಪಿಟ್ಟುಕೊಂಡಿತು. ಅಂದಿನಿಂದ ತುಂಬಿದ ಗಾಡಿ ಬಂದು ನಿಂತರೆ ಸಾಕು, ಖಾಲಿ ತೂಕ ಕಳೆದು ಸರಕು ಎಷ್ಟೆಂದು ಹೇಳಿಬಿಡುತ್ತದೆ. ಪ್ರತಿ ತೂಕಕ್ಕೂ ಒಂದು ಫೋಟೊ. ಆ ಫೋಟೊಗಳನ್ನು ಯಾರೂ ತೆರೆದು ನೋಡುವುದಿಲ್ಲ. ಇವೆ ಎಂಬ ಧೈರ್ಯಕ್ಕಾಗಿ ಇರುವಂಥವು.

"ಡೀಸೆಲ್ ಹೆಚ್ಚುಕಮ್ಮಿ ಇರಬಹುದೇನಪ್ಪ?"

"ಆ ಗಾಡಿ ಟ್ಯಾಂಕೇ ಮೂವತ್ತು ಲೀಟರ್ ಮೇಡಂ. ಇದು ಶುರುವಾಗಿದ್ದು ಜುಲೈ ಹತ್ತೊಂಬತ್ತಕ್ಕೆ. ಅದಕ್ಕೆ ಮುಂಚೆ ಹನ್ನೊಂದು ದಿನ ಗಾಡಿನೇ ಬಂದಿಲ್ಲ."

"ಊರಿಗೆ ಹೋಗ್ಬೇಕು ಅಂದ. ಯಾಕೆ ಅಂತ ನಾನೂ ಕೇಳ್ಲಿಲ್ಲ." ಶಶಿಕಲಾ ಕಿಟಕಿಯಾಚೆ ನೋಡಿದಳು. "ಮೊದ್ಲು ಡಬ್ಬಿ ಊಟ ಮಾಡ್ತಿದ್ದ. ಈಗ ದಿನಾ ಆ ಎದುರುಗಡೆ ಹೋಟೆಲಲ್ಲಿ ಕೂತಿರ್ತಾನೆ."

"ಅಲ್ಲಿಗೆ ಸರಿಹೋಯ್ತಲ್ಲ ಮೇಡಂ."

ಹಿಂದಿನ ಅಂಗಳದಲ್ಲಿ ಸರಕು ಇಳಿಸುವ ಕೂಲಿಗಳನ್ನು ಯಾರೂ ಏನೂ ಕೇಳಲಿಲ್ಲ. ಅವರ ಹೆಸರು ಸಾಫ್ಟ್‌ವೇರಿನಲ್ಲಿ ಇರಲಿಲ್ಲ.

"ಕರಿಬಸಪ್ಪನವರೇ, ಸ್ವಲ್ಪ ಮೇಲೆ ಬನ್ನಿ," ಎಂದು ಶಶಿಕಲಾ ಕೂಗಿದಳು. ಬೈಯುವುದಿದ್ದಾಗ ಅವಳು ಬಹುವಚನ ಬಳಸುತ್ತಾಳೆ. ಇವತ್ತು ಕಳ್ಳನೆಂದು ಹೊರಗೆ ಹಾಕಿದರೆ ನಾಳೆ ಪೀಣ್ಯದಲ್ಲಿ ಯಾವ ಗುಜರಿಯವನೂ ಅವನ ಗಾಡಿಗೆ ಲೋಡು ಕೊಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕರಿಬಸಪ್ಪ ಹರಪನಹಳ್ಳಿ ಕಡೆಯವನು. ಚಪ್ಪಲಿ ಹೊರಗೆ ಬಿಟ್ಟು ಬಂದು ಪರದೆಯ ಮುಂದೆ ನಿಂತ. ಕೆಂಪು ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದ. "ನಲವತ್ತೈದು," ಎಂದು ಮೆಲ್ಲಗೆ ಓದಿದ, ಗುರುತಿನವರ ಹೆಸರು ಓದಿದ ಹಾಗೆ.

"ಎಲ್ಲಿ ಇಳಿಸಿ ಬರ್ತೀರಿ?"

"ಎಲ್ಲೂ ಇಳಿಸಿಲ್ರಿ ಅಮ್ಮಾರೆ."

"ಹಾಗಾದ್ರೆ ಸುಲಭ," ಎಂದ ಹರ್ಷವರ್ಧನ್. "ಖಾಲಿ ಗಾಡಿ ಇನ್ನೊಂದ್ಸಲ ತೂಗೋಣ."

ತಪ್ಪು ಮಾಡದವನು ಈ ಮಾತಿಗೆ ಕುಣಿದು ಒಪ್ಪಬೇಕು. ಕರಿಬಸಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ಹೊಸಾದು ತೂಗಿದ್ರ ಹಳೇದು ಏನಾಗ್ತೈತ್ರಿ?"

"ಡಿಲೀಟ್ ಆಗುತ್ತೆ."

"ಹಂಗಾರ ಬ್ಯಾಡ್ರಿ." ಅವನ ದನಿ ಏರಲಿಲ್ಲ. "ನಾನೇ ಕದ್ದೀನಿ ಅಂತ ಬರ್ಕೊಳ್ರಿ. ಹಳೇದು ಇರ್ಲಿ."

ಹರ್ಷವರ್ಧನ್ ಹುಬ್ಬೇರಿಸಿ ಶಶಿಕಲಾಳತ್ತ ನೋಡಿದ. ಅವಳು ನೋಡುತ್ತಿದ್ದದ್ದು ಕರಿಬಸಪ್ಪನನ್ನು. ಹದಿನಾರು ವರ್ಷ ಅವಳ ಸರಕು ಹೊತ್ತ ಗಾಡಿ ಅವನದು. "ತೂಗು," ಎಂದಳು. "ನಾನು ಕಣ್ಣಾರೆ ನೋಡ್ಬೇಕು."

ಕೆಳಗೆ ಸರಕು ಇಳಿಸಿ ನಿಂತಿದ್ದ ಟೆಂಪೊದ ಎಡ ಬಾಗಿಲು ತೆಗೆದು ಹರ್ಷವರ್ಧನ್ ಹತ್ತಲು ಹೋದ.

"ಅಲ್ಲಿ ಕುಂದ್ರಬ್ಯಾಡ್ರಿ ಸಾರ್. ಹತ್ತು ಹೆಜ್ಜಿ, ನಡ್ಕೊಂಡು ಬರ್ರಿ."

"ಸೀಟ್ ಕೆಳಗೆ ಏನೋ ಇದೆ ಮೇಡಂ," ಎಂದು ಹರ್ಷವರ್ಧನ್ ಪಿಸುಗುಟ್ಟಿದ.

ಟೆಂಪೊ ಕಟ್ಟೆ ಹತ್ತಿ ನಿಂತಿತು. ಅಂಕಿಗಳು ಓಡಿ, ತಡವರಿಸಿ, ನಿಂತವು. ಮಾರ್ಚ್ ತಿಂಗಳ ಖಾಲಿ ತೂಕಕ್ಕಿಂತ ಸರಿಯಾಗಿ ನಲವತ್ತೈದು ಕಿಲೊ ಕಡಿಮೆ.

ಶಶಿಕಲಾ ಉಸಿರು ಬಿಟ್ಟಳು. "ಅಂದ್ರೆ ಸರಕು ಎಲ್ಲೂ ಹೋಗಿಲ್ಲ. ಗಾಡಿನೇ ಹಗುರ ಆಗಿದೆ."

ಹರ್ಷವರ್ಧನ್ ಗಾಡಿಯ ಸುತ್ತ ಎರಡು ಸುತ್ತು ಬಂದ. ಸ್ಟೆಪ್ನಿ ಇತ್ತು. ಜಾಕು ಇತ್ತು. ಹಿಂದಿನ ಬಾಗಿಲು, ಬಂಪರು, ಬ್ಯಾಟರಿ, ಎಲ್ಲ ಇದ್ದವು. ಎಡ ಸೀಟಿನ ಕೆಳಗೆ ಸಿಕ್ಕಿದ್ದು ತೊಳೆದಿಟ್ಟ ಒಂದು ಸ್ಟೀಲ್ ಡಬ್ಬಿ.

"ಏನು ತೆಗ್ದೆ ಗಾಡಿಯಿಂದ, ಕರಿಬಸಪ್ಪ?" ಶಶಿಕಲಾಳ ಬಹುವಚನ ಹೊರಟುಹೋಗಿತ್ತು.

"ನಾ ತೆಗ್ದಿಲ್ರಿ ಅಮ್ಮಾರೆ."

ಹರ್ಷವರ್ಧನನ ಮೊಬೈಲು ಕೇಳುತ್ತಿತ್ತು: ಹಳೆಯ ತೂಕ ಮತ್ತು ಫೋಟೊ ಅಳಿಸಬೇಕೆ? ಕಾಣೆಯಾದ ಭಾಗ ಯಾವುದೆಂದು ನೋಡಲು ಅವನು ಮಾರ್ಚ್ ತಿಂಗಳ ಫೋಟೊ ತೆರೆದ. ಅದರಲ್ಲಿ ಕರಿಬಸಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದ. ಅವನ ಎಡಕ್ಕೆ ಒಬ್ಬ ಸಣಕಲು ಹೆಂಗಸು, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಸ್ಟುಡಿಯೊದಲ್ಲಿ ಕೂತವಳಂತೆ ಸೆರಗು ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೋಡಿ ನಗುತ್ತಿದ್ದಳು.

"ನಮ್ಮ ಮನಿಯಾಕಿ, ಬಸಮ್ಮ ರೀ. ದಿನಾ ಜೋಡಿ ಬರಾಕಿ," ಎಂದ ಕರಿಬಸಪ್ಪ. "ಜುಲೈನಾಗ ಊರಾಗ ಮಣ್ಣು ಮಾಡಿ ಬಂದೆ. ಈಗ ಖಾಲಿ ಐತ್ರಿ ಗಾಡಿ, ಬರ್ಕೊಳ್ರಿ."