ಬ್ಯಾಣದ ಕಲ್ಲು

"ಈ ಬ್ಯಾಣ ನಿಮ್ದೇನು?" ಅಂತ ಫಾರೆಸ್ಟ್ ಗಾರ್ಡ್ ಜಹಾಂಗೀರ್ ಕೇಳಿದ. ಶಿವಪುತ್ರಪ್ಪ ಒಂದು ಉಸಿರೂ ತಡಮಾಡದೆ, "ನಮ್ದಲ್ರಿ" ಅಂದುಬಿಟ್ಟ.

ಅಪ್ಪಟ ಸುಳ್ಳು. ಗದ್ದೆಯ ತಲೆಗೆ ತಾಗಿದ ಆ ಹುಲ್ಲಿನ ಬ್ಯಾಣದಲ್ಲಿ ಅಜ್ಜನ ಕಾಲದಿಂದ ಅವರ ದನಗಳೇ ಮೇಯುತ್ತಿದ್ದವು. ಅವನ ಅಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ, ಕೆಳಮೂಲೆಯ ಮತ್ತಿಮರದ ಬುಡದಲ್ಲಿ. ತಲೆಯ ಕಡೆ ಒಂದು ಉದ್ದನೆಯ ಕಲ್ಲು ನೆಟ್ಟಿದ್ದರು. ಅದರ ಮಗ್ಗುಲಿನ ಜಾಗವನ್ನು ಅವ್ವ ನೀಲಗಂಗವ್ವ ತನಗೆ ಅಂತ ಆಗಲೇ ಹಿಡಿದಿಟ್ಟುಕೊಂಡಿದ್ದಳು. ಪ್ರತಿ ಸೋಮವಾರ ಹೋಗಿ ಗಂಡನ ಕಲ್ಲಿಗೆ ವಿಭೂತಿ ಹಚ್ಚಿ, ತನ್ನ ಜಾಗದ ಕಸ ಕಿತ್ತು, ಸಗಣಿಯಿಂದ ಸಾರಿಸಿ ಬರುತ್ತಿದ್ದಳು. ಊರವರು ನಕ್ಕರೆ, "ಹೊಸ ಮನಿಗೆ ಹೋಗೂದಕ್ಕ ಮೊದಲ ನೆಲಾ ಹಸನ ಇರಬೇಕಲ್ಲ" ಅನ್ನುತ್ತಿದ್ದಳು.

ಶಿವಪುತ್ರಪ್ಪ ದಡ್ಡನಲ್ಲ, ಅನುಮಾನದ ಮನುಷ್ಯ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು. ಹೊಸ ಸರಕಾರದವರು ಅಳತೆಯ ಸರಪಳಿ ಹಿಡಿದು ಗುಡ್ಡ ಹತ್ತುತ್ತಿದ್ದಾರೆ ಅಂದರೆ ಪುಣ್ಯ ಕಟ್ಟಿಕೊಳ್ಳಲಿಕ್ಕಂತೂ ಅಲ್ಲ. ಇದೆಲ್ಲ ಕಂದಾಯ ಏರಿಸುವ ಹೂಟ, ನಮ್ಮದು ಅಂದವನ ತಲೆಗೇ ಬರುತ್ತದೆ ಅಂತ ಬನವಾಸಿ ಸಂತೆಯಲ್ಲಿ ನಾಲ್ಕು ಮಂದಿ ಮಾತಾಡಿಕೊಂಡಿದ್ದರು. "ಸರಕಾರದವರು ಕೇಳಿದ್ರ ಇದ್ದದ್ದರಾಗ ಅರ್ಧಾ ಹೇಳು" ಅಂತ ಅವನಿಗೆ ಕಲಿಸಿದವನು ಮತ್ತಿಮರದ ಬುಡದಲ್ಲಿ ಮಲಗಿದ್ದ ಅದೇ ಅಪ್ಪ. ಇವತ್ತು ಅಲ್ಲ ಅಂದರಾಯಿತು, ನಾಳೆ ದನ ಬಿಟ್ಟರೆ ಯಾರು ನೋಡುತ್ತಾರೆ?

ಅನುಮಾನದಲ್ಲಿ ಜಹಾಂಗೀರನೂ ಏನು ಕಡಿಮೆ ಇರಲಿಲ್ಲ. ಸರಕಾರದ ಕಾಡನ್ನು ತನ್ನದು ಅನ್ನುವವರು ಅವನಿಗೆ ದಿನಾ ಸಿಗುತ್ತಿದ್ದರು. ತನ್ನದಲ್ಲ ಅನ್ನುವವನು ಸಿಕ್ಕಿದ್ದು ಇದೇ ಮೊದಲು. ಇಲ್ಲಿ ಏನೋ ಇದೆ ಅಂದುಕೊಂಡು ಮತ್ತಿಮರದ ತನಕ ನಡೆದ. ಅಲ್ಲಿ ಒಂದು ಕಲ್ಲು, ಪಕ್ಕದಲ್ಲಿ ಆಳುದ್ದ ಸಾರಿಸಿದ ನೆಲ. ಹಿಂದಿನ ವರ್ಷ ಯಲ್ಲಾಪುರದ ಕಡೆ ಇಂಥದೇ ನೆಲ ಅಗೆಸಿದಾಗ ಕದ್ದ ಸಾಗುವಾನಿ ತುಂಡುಗಳು ಸಿಕ್ಕಿದ್ದವು.

"ಒಳಗ ಸಾಗುವಾನಿ ಹೂಳೀರೇನು?"

"ಮಧುಕೇಶ್ವರನ ಆಣಿ, ಇಲ್ರಿ ಸಾಹೇಬ್ರ."

"ನಿಮ್ದಲ್ಲ ಅಂದ್ಮೇಲೆ ಅಗದ್ರ ನಿಮಗೇನ್ ಹೋಗ್ತೈತಿ?"

ಸರಪಳಿಯ ಆಳು ಹಾರೆ ಎತ್ತಿದ. ಶಿವಪುತ್ರಪ್ಪ ಓಡಿ ಅಡ್ಡ ನಿಂತ.

"ತಡೀರಿ. ಗೋರಿ ಐತಿ ಅದು."

"ಯಾರದು?"

ಅಪ್ಪನದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗೋರಿ ಅಪ್ಪನದು ಅಂದರೆ ಬ್ಯಾಣ ತನ್ನದು ಅಂದ ಹಾಗೇ ಆಯಿತಲ್ಲ. ಬಾಯಿ ಬಿಡಿಸಲಿಕ್ಕೆ ಅಂತಲೇ ಈ ಗಾರ್ಡು ಹಾರೆ ಎತ್ತಿಸಿರಬೇಕು ಅನ್ನಿಸಿತು ಅವನಿಗೆ.

"ಗುರ್ತಿಲ್ರಿ. ಯಾರದೋ ಹಳೇ ಕಾಲದ್ದು."

ಜಹಾಂಗೀರ್ ಅವನ ಬೆವತ ಮುಖವನ್ನು ಒಂದು ಗಳಿಗೆ ನೋಡಿ ಹಾರೆ ಕೆಳಗಿಡಿಸಿದ. ಗೋರಿ ಅಂದಮೇಲೆ ಕೈ ಹಚ್ಚಬಾರದು ಅನ್ನುವ ಭಯ ಅವನಿಗೂ ಇತ್ತು. "ವಾರಸುದಾರರಿಲ್ಲದ ಕಲ್ಲು. ನಮಗೂ ಚಲೋ ಆತು, ಗೋರಿ ಕಲ್ಲನ್ನ ಯಾರೂ ಕಿತ್ತು ಸರಿಸೂದಿಲ್ಲ," ಅಂದ. "ಇದಕ್ಕೇ ಸುಣ್ಣ ಬಳೀರಿ. ಇಲ್ಲಿಂದ ಮ್ಯಾಲೆಲ್ಲ ರಿಜರ್ವ್ ಫಾರೆಸ್ಟು. ನಾಳೆಯಿಂದ ಯಾರದರ ದನ ಇಲ್ಲಿ ಕಂಡ್ರ ಸೀದಾ ಕೊಂಡವಾಡಕ್ಕ, ದಂಡಾ ಕಟ್ಟೇ ಬಿಡಿಸ್ಕೋಬೇಕು." ಆಳು ತುದಿಯಿಂದ ಬುಡದ ತನಕ ಸುಣ್ಣ ಬಳಿದ.

ಅವತ್ತು ಸೋಮವಾರ. ನೀಲಗಂಗವ್ವ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಪತ್ರಿ ಹಿಡಿದು ಗದ್ದೆಯ ಬದುವಿನ ಮೇಲೆ ಬಂದಳು. ಬೆಳ್ಳಗಾದ ಕಲ್ಲನ್ನು ಕಂಡು ಅಲ್ಲೇ ನಿಂತಳು.

"ಇದಕ್ಯಾಕ್ರಿ ಸುಣ್ಣ ಹಚ್ಚೀರಿ?"

"ಯಾರದೋ ಗೋರಿ ಅಂತಮ್ಮ, ಯಾರದಂತ ಇವರಿಗೂ ಗುರ್ತಿಲ್ಲಂತ," ಅಂತ ಜಹಾಂಗೀರ್ ಶಿವಪುತ್ರಪ್ಪನ ಕಡೆ ಕೈ ಮಾಡಿದ. "ಇವತ್ತಿಂದ ಸರಕಾರದ ಗಡಿಕಲ್ಲು."

ಅವಳು ಮಗನ ಮುಖ ನೋಡಿದಳು. ಅವನು ಕಣ್ಣಲ್ಲೇ ಸುಮ್ಮನಿರು ಅಂದ. ಆ ಕಣ್ಸನ್ನೆ ಅವಳಿಗೆ ಹೊಸದಲ್ಲ, ಸಂಸಾರ ಮಾಡಿದಷ್ಟು ದಿನ ಗಂಡನಲ್ಲೂ ಅದನ್ನೇ ಕಂಡವಳು. ಪರರ ಎದುರಿಗೆ ಮಗನನ್ನು ಸುಳ್ಳುಗಾರ ಅನ್ನಿಸಲು ಅವಳಿಗೆ ಬಾಯಿ ಬರಲಿಲ್ಲ.

"ಆತು ಬಿಡ್ರಿ," ಅಂದಳು. "ಇದರ ಬಾಜೂಕ ಯಾರನ್ನರ ಮಣ್ಣು ಮಾಡಬಹುದೇನ್ರಿ?"

"ಇನ್ನ ಆಗೂದಿಲ್ಲಮ್ಮ. ಒಂದು ಹಿಡಿ ಮಣ್ಣು ತಗೀಬೇಕಂದ್ರೂ ಸರಕಾರದ ಅಪ್ಪಣೆ ಬೇಕು."

ಸರಪಳಿ ಎಳೆದುಕೊಂಡು ಅವರೆಲ್ಲ ಗುಡ್ಡದ ಆಚೆ ಇಳಿದು ಹೋದರು. ಆಮೇಲೆ ಶಿವಪುತ್ರಪ್ಪ ಮೆಲ್ಲಗೆ, "ಬರೇ ಸುಣ್ಣ ಐತಿ, ಅವ್ವಾ. ಒಂದ್ ಮಳಿ ಬಿದ್ರ ಹೋಗ್ತೈತಿ," ಅಂದ.

ನೀಲಗಂಗವ್ವ ಕಲ್ಲಿನ ಬುಡಕ್ಕೆ ನೀರು ಹಾಕಿದಳು, ಪತ್ರಿ ಇಟ್ಟಳು. ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು ಮೂರು ಬೆರಳಲ್ಲಿ ಎಳೆದಳು. ಬಿಳಿಯ ಮೇಲೆ ಬಿಳಿ, ಏನೂ ಕಾಣಲಿಲ್ಲ. ಮತ್ತೊಮ್ಮೆ ಎಳೆದಳು. ಬೆರಳಿಗೆಲ್ಲ ಹಸಿ ಸುಣ್ಣ ಹತ್ತಿತು.

ಅದೇ ಬೆರಳುಗಳನ್ನು ಅವಳು ಮಗನ ಹಣೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದಳು.

"ಇರ್ಲಿ," ಅಂದಳು. "ನೀ ಯಾರ ಮಗ ಅಂತ ನಾಳೆ ಯಾರರ ಕೇಳಿದ್ರ, ಒಂದು ಗುರ್ತರ ಇರಬೇಕಲ್ಲ."