ಕಡತಕ್ಕೆ ಹೋಗದ ಉಧೋ

ಗೇಟಿನ ಪೊಲೀಸರು ಸುಂದರವ್ವನ ಸೊಂಟದಿಂದ ಎಲೆ-ಅಡಿಕೆಯ ಚಂಚಿಯನ್ನು ಬಿಚ್ಚಿಸಿ ಇಟ್ಟುಕೊಂಡ ಕೂಡಲೇ ನೀಲಕಂಠ ಮಾಸ್ತರರ ಎದೆ ಧಸಕ್ಕೆಂದಿತು. ಆ ಸದ್ದು ಬೈಲಹೊಂಗಲದವರೆಗೂ ಕೇಳಿಸಿರಬೇಕು. ತಮ್ಮ ಹಳ್ಳಿ ಚಚಡಿಯಿಂದ ಬೆಳಗಾವಿಯ ವಿಧಾನಸಭೆ ಅಧಿವೇಶನಕ್ಕೆ ಬರುವಾಗ ದಾರಿಯುದ್ದಕ್ಕೂ ಅವರು ಹೂಡಿದ್ದ ಉಪಾಯವೆಲ್ಲ ಆ ಚಂಚಿಯ ಮೇಲೆಯೇ ನಿಂತಿತ್ತು. ಬಾಯಿ ತುಂಬ ಎಲೆ ಇದ್ದರೆ ಮುದುಕಿ ಗ್ಯಾಲರಿಯಲ್ಲಿ ಸುಮ್ಮನಿದ್ದಾಳು ಎಂದುಕೊಂಡಿದ್ದರು.

ಸುಂದರವ್ವನದು ಅಂಥಿಂಥ ಬಾಯಲ್ಲ. ಯಲ್ಲಮ್ಮನ ಹೆಸರು ಕಿವಿಗೆ ಬಿದ್ದರೆ ಸಾಕು, ‘ಉಧೋ ಉಧೋ’ ಎಂದುಬಿಡುತ್ತದೆ. ಸವದತ್ತಿ ಸೀಮೆಯಲ್ಲಿ ಎಲ್ಲರೂ ಹಾಗೆ ಅನ್ನುತ್ತಾರೆ, ನಿಜ. ಆದರೆ ಈಕೆ ಅಂದರೆ ಮಲಪ್ರಭೆಯ ಮೀನುಗಳು ಬೆಚ್ಚಿ ದಡ ಹತ್ತುತ್ತವೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಯಲ್ಲಮ್ಮನ ಗುಡ್ಡ’ ಎಂದು ಕೂಗಿದಾಗ ಈಕೆ ಕೊಟ್ಟ ಉತ್ತರಕ್ಕೆ, ಕೆಟ್ಟು ನಿಂತಿದ್ದ ರಾಮದುರ್ಗದ ಬಸ್ಸು ತಾನಾಗಿಯೇ ಸ್ಟಾರ್ಟ್ ಆಗಿತ್ತು. ಇತ್ತ ವಿಧಾನಸಭೆಯಲ್ಲಿ ಇನ್ನೂರ ಇಪ್ಪತ್ನಾಲ್ಕು ಕ್ಷೇತ್ರಗಳಿದ್ದರೂ ಯಲ್ಲಮ್ಮನ ಹೆಸರು ಹೊತ್ತದ್ದು ಒಂದೇ, ಅದೂ ಇವರದೇ: ಸವದತ್ತಿ ಯಲ್ಲಮ್ಮ ಕ್ಷೇತ್ರ.

ಸದನದಲ್ಲಿ ಆ ಹೆಸರನ್ನು ಇವತ್ತು ಕರೆಯಲೇಬೇಕಿತ್ತು. ಸವದತ್ತಿಯಿಂದ ಚಚಡಿಗೆ ಬರುತ್ತಿದ್ದ ಸಂಜೆಯ ಬಸ್ಸು ದಸರೆಯಿಂದೀಚೆಗೆ ನಿಂತುಹೋಗಿತ್ತು. ಸುಂದರವ್ವನ ಮೊಮ್ಮಗಳು ದುರ್ಗಾ ಕಾಲೇಜು ಬಿಟ್ಟ ಮೇಲೆ ಸಿಕ್ಕವರ ಟ್ರ್ಯಾಕ್ಟರ್ ಹತ್ತಿ ಕತ್ತಲಲ್ಲಿ ಊರು ಸೇರುತ್ತಿದ್ದಳು. ಸಂಕ್ರಾಂತಿಯೊಳಗೆ ಬಸ್ಸು ಬಾರದಿದ್ದರೆ ಕಾಲೇಜು ಬಿಡಿಸುವುದೇ ಸೈ ಎಂದು ಅವಳಪ್ಪ ಹೇಳಿಯಾಗಿತ್ತು. ಮಾಸ್ತರರು ಶಾಸಕರ ಬೆನ್ನುಬಿದ್ದು, ಅವರ ಚಪ್ಪಲಿಗಿಂತ ತಮ್ಮ ಚಪ್ಪಲಿಯನ್ನೇ ಹೆಚ್ಚು ಸವೆಸಿ, ಬಸ್ಸಿನ ಪ್ರಶ್ನೆ ಹಾಕಿಸಿದ್ದರು. ಗ್ಯಾಲರಿಗೆ ಪಾಸನ್ನೂ ತಂದಿದ್ದರು.

“ಇಲ್ಲೆ ಚಪ್ಪಾಳಿ ಸೈತ ಹೊಡಿಯೂಹಂಗಿಲ್ಲ ಸುಂದರವ್ವ. ಆ ಹೆಸರು ಕೇಳಿದ್ರ ಮನಸಿನಾಗ ಅನ್ರಿ,” ಎಂದರು ಮಾಸ್ತರರು, ಗ್ಯಾಲರಿಯಲ್ಲಿ ಕುಳಿತ ಮೇಲೆ.

“ಮನಸಿನಾಗ ಅಂದ್ರ ಆಕಿಗೆ ಕೇಳಸ್ತೈತೇನ್ರಿ ಮಾಸ್ತರ್ರ?”

ಹೆದರಿಕೆ ಹತ್ತಿಕ್ಕಲು ಮಾಸ್ತರರು ಪಾಠ ಶುರು ಮಾಡಿದರು: ಕೆಳಮನೆ ಇದು, ಮೇಲ್ಮನೆಯಲ್ಲಿ ಎಪ್ಪತ್ತೈದು ಮಂದಿ. ಐವತ್ತಾರರ ಏಕೀಕರಣದ ಮೊದಲು ಕಿತ್ತೂರು, ಬೈಲಹೊಂಗಲದ ಕಡೆಯ ಶಾಸಕರು ಕೂರುತ್ತಿದ್ದದ್ದು ಮುಂಬೈಯಲ್ಲಿ. ಅದಕ್ಕೂ ಹಿಂದೆ ರಾಮದುರ್ಗಕ್ಕೆ ಬೇರೆ ರಾಜನೇ ಇದ್ದ. ಸುಂದರವ್ವ ಎಲ್ಲ ಕೇಳಿ, ಹಾಗಾದರೆ ಆಗ ಮುಂಬೈಗೆ ಬಸ್ಸಿತ್ತೇ ಎಂದಳು. ರೈಲಿತ್ತು ಎಂದರು. ರೈಲು ಹತ್ತಲು ಊರಿಂದ ಹೇಗೆ ಹೋಗುತ್ತಿದ್ದರು ಎಂದಳು. ಮಾಸ್ತರರು ಪಾಠ ನಿಲ್ಲಿಸಿದರು.

ಪ್ರಶ್ನೋತ್ತರದ ವೇಳೆ ಮುಗಿಯುತ್ತ ಬಂತು. ಕೊನೆಗೂ ಸಭಾಧ್ಯಕ್ಷರು “ಸವದತ್ತಿ ಯಲ್ಲಮ್ಮ” ಎಂದರು. ಸುಂದರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಣ್ಣು ಕೆಂಪಾದವು, ಕತ್ತಿನ ನರ ನೇಗಿಲ ಹಗ್ಗದಷ್ಟು ದಪ್ಪವಾದವು, ಆದರೂ ಉಸಿರು ಹೊರಬರಲಿಲ್ಲ. ಶಾಸಕರು ಎದ್ದು ಪ್ರಶ್ನೆ ಕೇಳಿ ಕೂತರು. ಗೆದ್ದೆವು ಎಂದುಕೊಂಡು ಮಾಸ್ತರರು ಕಣ್ಣು ಮುಚ್ಚಿದರು. ಮಂತ್ರಿಗಳು ಎದ್ದು ಓದಿದರು: “ಸದರಿ ಬಸ್ಸು ಯಲ್ಲಮ್ಮನ ಗುಡ್ಡದ ಮಾರ್ಗವಾಗಿ...”

ಅಷ್ಟರಲ್ಲಿ ಸೆರಗು ಬಾಯಿಂದ ಜಾರಿತ್ತು.

ಆ ‘ಉಧೋ ಉಧೋ’ಗೆ ಸೌಧದ ಗುಮ್ಮಟ ಒಂದು ಗೇಣು ಮೇಲೆದ್ದು ಕೂತಿತು. ಕೆಳಗೆ ರಾಜ್ಯದ ಉತ್ತರ ಭಾಗದ ಶಾಸಕರು ಆಳುವ ಪಕ್ಷ, ವಿರೋಧ ಪಕ್ಷ ಎನ್ನದೆ ‘ಉಧೋ’ ಎಂದು ದನಿಗೂಡಿಸಿದರು. ಸದನ ಅಷ್ಟು ಒಗ್ಗಟ್ಟಾಗಿದ್ದು ಸೌಧ ಕಟ್ಟಿದಂದಿನಿಂದ ಅದೇ ಮೊದಲು. ಉಳಿದವರು ನಕ್ಕರು, ಬೈದರು, ಮೇಜು ಕುಟ್ಟಿದರು. ಮುದುಕಿಯನ್ನು ಹಿಡಿಯಲು ಓಡಿ ಬಂದ ಮಾರ್ಷಲ್ ಮೊದಲು ಹಣೆಗೆ ಕೈ ಮುಟ್ಟಿಸಿ ಆಮೇಲೆ ಅವಳ ರಟ್ಟೆ ಹಿಡಿದ.

ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಮಂತ್ರಿಗಳ ಮಾತಿನ ಉಳಿದರ್ಧ ಏನಿತ್ತೋ ಇಬ್ಬರಿಗೂ ಕೇಳಿಸಿರಲಿಲ್ಲ. ಬಸ್ಸು ಬರುತ್ತದೆ ಎಂದರೋ, ಬರುವುದಿಲ್ಲ ಎಂದರೋ? ಜೈಲಿಗೆ ಹಾಕುತ್ತಾರೆಯೇ ಎಂದು ಮಾಸ್ತರರು ಹೆದರುತ್ತಿದ್ದರೆ, ಸುಂದರವ್ವ ತುಟಿಗೆ ಸೆರಗು ಒತ್ತಿಕೊಂಡು, ನನ್ನ ಬಾಯಿಂದ ಹುಡುಗಿಯ ಸಾಲಿ ಹೋಯಿತೇನೋ ಎಂದು ಅಷ್ಟನ್ನೇ ಗೊಣಗುತ್ತಿದ್ದಳು.

ಹೊತ್ತು ಇಳಿದ ಮೇಲೆ ಶಾಸಕರ ಸಹಾಯಕ ಗೌರೀಶ ಬಂದು ಬಿಡಿಸಿದ. ಗೇಟಿನಲ್ಲಿ ಚಂಚಿ, ಫೋನು ವಾಪಸು ಕೊಡಿಸುತ್ತ ಸುದ್ದಿ ಹೇಳಿದ. ಸದರಿ ಬಸ್ಸು ಪ್ರತಿದಿನ ಸಂಜೆ ಸಂಚರಿಸುತ್ತಿದೆ, ಆದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಮಂತ್ರಿಗಳು ಓದಿದರಂತೆ. ಅದು ಸುಳ್ಳೆಂದು ಹೇಳಲು ಶಾಸಕರು ಎದ್ದರಂತೆ. ಆದರೆ ಗದ್ದಲದಲ್ಲಿ ವೇಳೆ ಮುಗಿದುಹೋಯಿತಂತೆ.

“ನೀವೇನ್ ಹೆದರಬ್ಯಾಡ್ರಿ ಆಯಿ,” ಎಂದ ಗೌರೀಶ. “ನಿಮ್ಮ ಉಧೋ ಕಡತಕ್ಕ ಹೋಗೂದು ಬ್ಯಾಡ ಅಂದಾರ ಅಧ್ಯಕ್ಷರು.”

“ಹಂಗಂದ್ರ?”

“ಬರಕೊಂಡಿಲ್ಲ. ನೀವು ಒದರೇ ಇಲ್ಲ ಅಂದಂಗ.”

“ಬಸ್ಸಿಂದು?”

“ಅದನ್ನ ಬರಕೊಂಡಾರ.”

ಸುಂದರವ್ವ ಚಂಚಿ ಬಿಚ್ಚಿದಳು. ಎಲೆಗೆ ಸುಣ್ಣ ಸವರಿದಳು, ಆದರೆ ಬಾಯಿಗೆ ಹಾಕಿಕೊಳ್ಳಲಿಲ್ಲ.

“ಮಾಸ್ತರ್ರ, ದುರ್ಗಾಗ ಫೋನ್ ಹಚ್ರಿ. ಬಸ್ಸು ದಿನಾ ಬರತೈತಂತ. ಇವತ್ತ ಟ್ರ್ಯಾಕ್ಟರ್ ಹತ್ತಬ್ಯಾಡ ಅನ್ರಿ.”

ಆಕೆ ಸಿಟ್ಟಿನಿಂದ ಅಂದಳೋ ನಂಬಿ ಅಂದಳೋ ಮಾಸ್ತರರಿಗೆ ತಿಳಿಯಲಿಲ್ಲ. ಫೋನ್ ಹಚ್ಚಿದರು. ಆ ಕಡೆಯಿಂದ ದುರ್ಗಾ, “ಏನಂದ್ರಿ ಮಾಸ್ತರ್ರ, ಬಸ್ಸು ಬಿಡತಾರಂತ?” ಎಂದು ಕೂಗಿ ಕೇಳುತ್ತಿದ್ದಳು. ಕೂಗಲೇಬೇಕಿತ್ತು. ಅವಳ ದನಿಯ ಹಿಂದೆ ಟ್ರ್ಯಾಕ್ಟರಿನ ಸದ್ದು ಜೋರಾಗಿತ್ತು.