ನೀರಿನ ಹದ

"ಹದವಾಗಿದೆಯಾ ಅಪ್ಪಯ್ಯ?" ಎಂದು ಕೇಳಿದಳು ನರ್ಸ್ ಆಗಿದ್ದ ಮಗಳು ಹೂವಮ್ಮ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದಿದ್ದ ಬೀರಪ್ಪ ಬೋಗುಣಿಯಲ್ಲಿ ಕಾಲಿಟ್ಟುಕೊಂಡೇ ನಕ್ಕ. "ಇದೆಂಥ ಬಿಸಿ ಮಾರಾಯ್ತಿ! ಕುಲುಮೆ ಮುಂದೆ ನಿಂತೋನು ನಾನು. ಇನ್ನೊಂದು ಚೊಂಬು ಹಾಕು."

ಅವಳು ಹಾಕಿದಳು. ಬಿಸಿನೀರಿನ ಹದವನ್ನು ರೋಗಿಯನ್ನೇ ಕೇಳಬೇಕೆಂದು ಕಲಿತಿದ್ದಳು. ವಾರವಾರವೂ ಅಪ್ಪನ ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಕಾಯಿಸಿ, ಬಣ್ಣ ನೋಡಿ ಸಕ್ಕರೆ ಎಷ್ಟಿದೆಯೆಂದು ಅಳೆಯುತ್ತಿದ್ದವಳೂ ಅವಳೇ. ಆ ಸಕ್ಕರೆ ಪಾದದ ಸ್ಪರ್ಶಜ್ಞಾನವನ್ನೇ ಅಳಿಸಬಹುದೆಂದು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅಪ್ಪನ ಕಾಲಿನ ಹೆಬ್ಬೆರಳಲ್ಲಿದ್ದ ಗಾಯ ತೊಳೆಯಲು ನೀರಿಗೆ ಕೈ ಅದ್ದಿದವಳು ಚುರ್ರೆಂದು ಹಿಂದಕ್ಕೆಳೆದುಕೊಂಡಳು. ಗಾಬರಿಯಿಂದ ಅವನ ಕಾಲೆತ್ತಿ ಟವೆಲಿನ ಮೇಲಿಟ್ಟಳು. ಅಂಗಾಲಿನ ಚರ್ಮ ಬಟ್ಟೆಗೆ ಅಂಟಿಕೊಂಡು ಸುಲಿದು ಬಂತು.

"ಯಾಕೆ ತೆಗೆದೆ ಮಗಳೇ?" ಎಂದ ಬೀರಪ್ಪ. "ಇನ್ನೂ ಬೆಚ್ಚಗೇ ಆಗಿರ್ಲಿಲ್ಲ."